ಘೀ ರೋಸ್ಟಿಗೆ ಐದು ಸ್ಟಾರ್, ಹಿಂದಿನ ಮೆಟ್ಟಿಲಿಗೆ ಸೊನ್ನೆ

ಮೊದಲು ಊಟದ ವಿಷಯ ಮುಗಿಸುತ್ತೇನೆ. ಚಿಕನ್ ಘೀ ರೋಸ್ಟ್ ಚೆನ್ನಾಗಿತ್ತು. ಎಷ್ಟು ಅಂದರೆ, ಕುಂದಾಪುರದ ಕಡೆಯವರಾದ ನನ್ನ ಅತ್ತೆ ತಟ್ಟೆಯಲ್ಲಿ ಉಳಿದ ಮಸಾಲೆಯನ್ನು ನೀರ್‌ದೋಸೆಯಲ್ಲಿ ಒರೆಸಿ ತಿಂದರು. ಹೊರಗಿನ ಘೀ ರೋಸ್ಟಿಗೆ ಅವರು ಹೆಸರಿಡದೆ ಇದ್ದದ್ದನ್ನು ನಾನು ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನೋಡಿದ್ದು ಇದೇ ಮೊದಲು. ಮರುವಾಯಿ (ಚಿಪ್ಪುಮೀನು) ಸುಕ್ಕದಲ್ಲಿ ಮರಳಿರಲಿಲ್ಲ, ಅದೇ ದೊಡ್ಡ ವಿಷಯ. ಕಾಣೆ ಮೀನು ಸ್ವಲ್ಪ ಒಣಗಿತ್ತು. ಗಡ್‌ಬಡ್ ಐಸ್‌ಕ್ರೀಮ್ ಹೇಳಬೇಡಿ, ಅದಕ್ಕೆ ಉಡುಪಿಯಲ್ಲಿ ಬೇರೆ ಜಾಗ ಉಂಟು.

ಹೋಟೆಲಿನ ಹೆಸರು ಹಾಕುವುದಿಲ್ಲ. ಹೆದರಿಕೆಗಲ್ಲ. ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತದೆ, ಇದರಲ್ಲಿ ನನ್ನ ತಪ್ಪೂ ಇದೆ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿಯಲ್ಲಿ, ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ತಾರಸಿಯಲ್ಲಿ ಊಟ ಅನ್ನುವಂಥ ಒಂದು ಕಟ್ಟಡ. ತಾರಸಿಯ ಅರ್ಧ ಬಯಲು. ಇನ್ನರ್ಧಕ್ಕೆ ಶೀಟು ಹೊದಿಸಿ, ಗಾಜು ಕಟ್ಟಿ, ಎಸಿ ಹಾಕಿ ಪಾರ್ಟಿ ಹಾಲ್ ಮಾಡಿದ್ದಾರೆ. ಬಯಲಿನಲ್ಲಿ ಕೂತರೆ ದೂರದಲ್ಲಿ ಮಲ್ಪೆ ಕಡೆಯ ಬೋಟುಗಳ ದೀಪ ಸಾಲಾಗಿ ಕಾಣುತ್ತದೆ. ನಮಗೆ ಸಿಕ್ಕಿದ್ದು ಒಳಗಿನ ಟೇಬಲ್.

ನಾನು ಡೆಕೋರೇಷನ್ ಮಾಡುವವಳು. ಮದುವೆ ಮಂಟಪ, ಸೀಮಂತ, ಹುಟ್ಟುಹಬ್ಬ, ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿನ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ನನ್ನಪ್ಪನದು ಶಾಮಿಯಾನದ ಕೆಲಸ. ಕಂಬ, ಹಗ್ಗ, ಬಟ್ಟೆ ನೋಡಿಕೊಂಡೇ ಬೆಳೆದೆ. ಇಂಥ ತಾರಸಿ ಹೋಟೆಲುಗಳಿಗೆ ನಾನು ಯಾವಾಗಲೂ ಹೋಗುವುದು ಹಿಂದಿನ ಮೆಟ್ಟಿಲಿಂದ. ಬಿದಿರು, ಬಟ್ಟೆ, ಥರ್ಮೊಕೋಲ್ ಹೊತ್ತುಕೊಂಡು ಗಿರಾಕಿಗಳ ಲಿಫ್ಟಿನಲ್ಲಿ ಬರಬೇಡಿ ಅನ್ನುತ್ತಾರಲ್ಲ. ಹಾಗಾಗಿ ಈ ಕಟ್ಟಡದ ಹಿಂದಿನ ಮೆಟ್ಟಿಲು ನನಗೆ ಚೆನ್ನಾಗಿ ಗೊತ್ತು. ಎಂಬತ್ತಾರು ಮೆಟ್ಟಿಲು. ಎರಡನೇ ಮಾಳಿಗೆಯ ತಿರುವಿನಲ್ಲಿ ಒಂದು ಬಲ್ಬು ಎರಡು ವರ್ಷದಿಂದ ಉರಿಯುವುದಿಲ್ಲ. ಮುಂದಿನ ಬಾಗಿಲಿನಿಂದ, ಸೀರೆ ಉಟ್ಟುಕೊಂಡು, ಲಿಫ್ಟಿನಲ್ಲಿ ಬಂದದ್ದು 2025ರ ಡಿಸೆಂಬರ್ 31ಕ್ಕೇ ಮೊದಲು. ಇವರು (ನನ್ನ ಗಂಡ), ಅತ್ತೆ, ಸೆಕೆಂಡ್ ಪಿಯುಸಿ ಓದುವ ಮಗಳು, ವೈರಿಂಗ್ ಕೆಲಸದ ನನ್ನ ತಮ್ಮ, ನಾನು. ಐದು ಜನರಿಗೆ ಮುಂಗಡ ಕೊಟ್ಟು ಬುಕ್ ಮಾಡಿದ್ದೆ.

ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಮೇಲಕ್ಕೆ ಹೋಯಿತು. ಅದು ಅಭ್ಯಾಸ. ದರ್ಜಿ ಮದುವೆಗೆ ಹೋದರೆ ಮದುಮಗಳ ರವಿಕೆ ಹೊಲಿಗೆ ನೋಡುತ್ತಾನೆ, ನಾನು ಮಾಡು, ಅಂದರೆ ಸೂರು, ನೋಡುತ್ತೇನೆ. ಡಿಜೆ ಸದ್ದು ಕೆಳಗಿನ ಆಫೀಸಿಗೆ ಕೇಳಬಾರದು ಅಂತ ಮಾಡಿಗೆ, ಗೋಡೆಗೆ ಕಪ್ಪು ಸ್ಪಂಜು ಅಂಟಿಸಿದ್ದರು. ಮೊಟ್ಟೆ ಇಡುವ ಟ್ರೇಯ ಹಾಗೆ ಉಬ್ಬು ತಗ್ಗು ಇರುತ್ತದಲ್ಲ, ಅದು. ಅದರ ಕೆಳಗೆ ಯಾರೋ ಬಿಳಿ ಸ್ಯಾಟಿನ್ ಇಳಿಬಿಟ್ಟು, ನೆಟ್ ಬಟ್ಟೆ ಸುತ್ತಿ, ಸೀರಿಯಲ್ ಲೈಟ್ ಎಳೆದಿದ್ದರು. ಅದು ನನ್ನ ಕೆಲಸವಲ್ಲ, ಈ ಸಲ ಕಮ್ಮಿ ರೇಟಿಗೆ ಬೇರೆಯವರು ಹಿಡಿದಿದ್ದರು. ನೆರಿಗೆ ಚೆನ್ನಾಗಿ ಬಂದಿತ್ತು, ಹೇಳಲೇಬೇಕು.

ಆದರೆ ಈ ಬಟ್ಟೆಯ ಒಂದು ವಿಷಯ ಹೇಳುತ್ತೇನೆ, ನೀವು ಮನೆಯಲ್ಲೇ ನೋಡಬಹುದು. ಹೊಸ ಥಾನು ಬಂದರೆ ನಾನು ತುದಿಯಿಂದ ಒಂದು ಬೆರಳುದ್ದ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕಡ್ಡಿ ಗೀರುತ್ತೇನೆ. ಹತ್ತಿ ಬಟ್ಟೆ ಉರಿದು ಬೂದಿಯಾಗುತ್ತದೆ, ಕಾಗದ ಸುಟ್ಟ ವಾಸನೆ. ಸ್ಯಾಟಿನ್ ಅಂತ ನಾವು ಕಟ್ಟುವುದು ಹೆಚ್ಚಿನದು ಪಾಲಿಯೆಸ್ಟರ್. ಅದು ಮೊದಲು ಬೆಂಕಿಯಿಂದ ಹಿಂದೆ ಸರಿದ ಹಾಗೆ ಮುದುಡುತ್ತದೆ. ಆಮೇಲೆ ಕರಗಿ, ಉರಿಯುವ ಹನಿಯಾಗಿ ಕೆಳಗೆ ಬೀಳುತ್ತದೆ. ಟಪ್, ಟಪ್. ಪ್ರತಿ ಹನಿಯೂ ನೆಲದಲ್ಲಿ ಬಿದ್ದ ಮೇಲೂ ಸ್ವಲ್ಪ ಹೊತ್ತು ಉರಿಯುತ್ತದೆ. ನನ್ನ ಬಲಗಾಲಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಕಲೆ ಇದೆ, ಇಂಥದ್ದೇ ಒಂದು ಹನಿಯದ್ದು. ಬೆರಳುದ್ದದ ಬಟ್ಟೆ ಹೀಗೆ. ಹಾಲಿನಲ್ಲಿ ತಲೆಯ ಮೇಲೆ ಅದು ಇನ್ನೂರು ಮೀಟರ್ ಇರುತ್ತದೆ. ಬೆಂಕಿ ಸುಲಭಕ್ಕೆ ಹಿಡಿಯದ ಬಟ್ಟೆ ಬರುತ್ತದೆ, ಕಡ್ಡಿ ತೆಗೆದರೆ ಉರಿ ತಾನೇ ನಿಲ್ಲುತ್ತದೆ. ಜಾಸ್ತಿ ದುಡ್ಡು. ಗಿರಾಕಿಗೆ ಎರಡೂ ತೋರಿಸಿ ರೇಟು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ‘ಅಕ್ಕ, ಒಂದು ದಿನದ ಮಟ್ಟಿಗೆ ಅಲ್ವಾ’ ಅನ್ನುತ್ತಾರೆ. ನಾನೂ ಸರಿ ಅಂತ ಕಟ್ಟಿ ಬರುತ್ತೇನೆ. ಇದನ್ನು ಮುಚ್ಚಿಟ್ಟು ಬೇರೆಯವರ ಹೋಟೆಲಿಗೆ ಮಾರ್ಕು ಹಾಕುವುದು ಸರಿಯಲ್ಲ.

ಸ್ಪಂಜು ಬಟ್ಟೆಗಿಂತ ಕೆಟ್ಟದ್ದು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲ್ಲದೆ ಸೈನೈಡ್ ಗ್ಯಾಸೂ ಇರುತ್ತದೆ. ಬೆಂಕಿ ನಮ್ಮ ಹತ್ತಿರ ಬರುವ ಮೊದಲೇ ಆ ಹೊಗೆ ಬಂದು ಬೀಳಿಸುತ್ತದೆ.

ಹಾಲ್ ತುಂಬಿತ್ತು. ಬೇರೆ ದಿನ ಅಲ್ಲಿ ಹದಿನಾಲ್ಕು ಟೇಬಲ್ ಹಾಕುತ್ತಾರೆ, ಕಟ್ಟಲು ಹೋದಾಗ ಎಣಿಸಿದ್ದೇನೆ. ಆ ರಾತ್ರಿ ಇಪ್ಪತ್ತೆರಡು. ಎಲ್ಲಿಂದ ಬಂತು ಜಾಗ? ನಡೆಯುವ ದಾರಿಯಿಂದ. ನಮ್ಮ ಟೇಬಲಿನಿಂದ ಬಾಗಿಲಿಗೆ ಹೋಗಬೇಕಾದರೆ ಮೂರು ಕಡೆ ‘ಸ್ವಲ್ಪ ಕುರ್ಚಿ ಎಳ್ಕೊಳ್ತೀರಾ’ ಅಂತ ಕೇಳಬೇಕಿತ್ತು. ದೆಹಲಿಯ ಉಪಹಾರ್ ಟಾಕೀಸಿನಲ್ಲಿ 1997ರ ಜೂನ್ 13ರಂದು 59 ಜನ ಸತ್ತಾಗಲೂ ಹೀಗೇ ಆಗಿತ್ತು. ಹೆಚ್ಚಿಗೆ ಸೀಟು ಹಾಕಿ ಹೊರಗೆ ಹೋಗುವ ದಾರಿ ಮುಚ್ಚಿದ್ದರು. ಇವರು ನನಗೆ ‘ಊಟಕ್ಕೆ ಬಂದಿದ್ದೀಯಾ, ಇನ್ಸ್‌ಪೆಕ್ಷನ್‌ಗೆ ಬಂದಿದ್ದೀಯಾ’ ಅಂದರು.

ಮಗಳು ಕೈ ತೊಳೆಯಲು ಎಲ್ಲಿ ಹೋಗಬೇಕು ಅಂತ ಕೇಳಿದಳು. ಟಾಯ್ಲೆಟ್ಟಿನ ಬೋರ್ಡು ನೀಲಿ ದೀಪದಲ್ಲಿ ಜಗಜಗ ಹೊಳೆಯುತ್ತಿತ್ತು, ಇಡೀ ಹಾಲಿಗೆ ಕಾಣುವ ಹಾಗೆ. ‘ಎಕ್ಸಿಟ್’ ಬೋರ್ಡು ಎಲ್ಲಿ? ಹುಡುಕಿದೆ. ಇತ್ತು. ದೊಡ್ಡದೊಂದು ಕಾಗದದ ನಕ್ಷತ್ರದ ಹಿಂದೆ ಹಸಿರು ಬೆಳಕು ಸ್ವಲ್ಪ ಸೋರುತ್ತಿತ್ತು. ಇದು ಸಣ್ಣ ವಿಷಯ ಅನ್ನಿಸಬಹುದು. ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಇಂಥದ್ದೇ ತಾರಸಿ ಪಬ್ಬಿಗೆ ಬೆಂಕಿ ಬಿದ್ದು 14 ಜನ ಹೋದರಲ್ಲ, ಅವರಲ್ಲಿ ತುಂಬ ಜನ ಸಿಕ್ಕಿದ್ದು ಟಾಯ್ಲೆಟ್ಟಿನಲ್ಲಿ. ಅಲ್ಲಿಗೆ ಹೊಗೆ ಬಂದು ಉಸಿರುಗಟ್ಟಿ. ಹೊಸ ಜಾಗದಲ್ಲಿ, ಕತ್ತಲಲ್ಲಿ, ಗಾಬರಿಯಲ್ಲಿ ಮನುಷ್ಯ ತಾನು ಮೊದಲೇ ನೋಡಿದ ಬಾಗಿಲಿಗೇ ಓಡುತ್ತಾನೆ.

ಹತ್ತೂವರೆಗೆ ಪಕ್ಕದ ಟೇಬಲಿಗೆ ಬಾಟಲಿ ಬಂತು. ಬಾಟಲಿಯ ಕುತ್ತಿಗೆಗೆ ಸುರುಸುರು ಕಡ್ಡಿಯಂಥದ್ದು ಸಿಕ್ಕಿಸಿ, ಹಚ್ಚಿ, ಇಬ್ಬರು ಹುಡುಗರು ಕೈ ಮೇಲೆತ್ತಿಕೊಂಡು ಕುಣಿಯುತ್ತಾ ತಂದರು. ಎಲ್ಲರೂ ಮೊಬೈಲ್ ತೆಗೆದರು. ಚಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಕಿಡಿಯ ತುದಿಗೂ ಮೇಲಿನ ನೆಟ್ ಬಟ್ಟೆಗೂ ನಡುವೆ ಎಷ್ಟಿತ್ತು? ನಾನು ಬಟ್ಟೆ ಅಳೆಯುವವಳು, ಕಣ್ಣಳತೆ ತಪ್ಪುವುದಿಲ್ಲ. ಒಂದು ಮೊಳ. ಆ ಹುಡುಗರಲ್ಲಿ ಒಬ್ಬ ಸ್ವಲ್ಪ ಎತ್ತರ ಇದ್ದಿದ್ದರೆ ಗೇಣು. ಆ ಕಿಡಿಗೆ ಸಾವಿರ ಡಿಗ್ರಿಗಿಂತ ಜಾಸ್ತಿ ಶಾಖ ಇರುತ್ತದೆ. ನಮ್ಮ ಲೈನಿನಲ್ಲಿ ಇಂಥದ್ದಕ್ಕೆ ‘ಕೋಲ್ಡ್ ಪೈರೋ’ ಅಂತ ಒಂದು ಹೆಸರು ಬೇರೆ. ತಣ್ಣಗಿನ ಬೆಂಕಿ. ಹೆಸರು ಇಟ್ಟವನ ಕೈಗೆ ಒಂದು ಹಚ್ಚಿ ಕೊಡಬೇಕು.

ನನಗೆ ಊಟ ಇಳಿಯಲಿಲ್ಲ. ತಮ್ಮನಿಗೆ ‘ಬಾ ಮಾರಾಯ, ಹಿಂದೆ ಒಮ್ಮೆ ನೋಡಿ ಬರುವ’ ಅಂದೆ.

ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಹೋಗಬೇಕಾದರೆ ಅಡುಗೆಮನೆ ದಾಟಬೇಕು. ಅಲ್ಲಿ ಆರೇಳು ಜನ ಬೆವರಿಳಿಸಿಕೊಂಡು ಕೆಲಸ ಮಾಡುತ್ತಿದ್ದರು. ತುಂಬಿದ ಗ್ಯಾಸ್ ಸಿಲಿಂಡರುಗಳು ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದು ಇತ್ತು, ಅಕ್ಕಿ ಚೀಲದ ಹಿಂದೆ. ತಮ್ಮ ಚೀಲ ಸರಿಸಿ ಅದರ ಮುಳ್ಳು ನೋಡಿದ. ಮುಳ್ಳು ಹಸಿರಿನಲ್ಲಿ ಇರಬೇಕು. ಇದು ಕೆಂಪಿನಲ್ಲಿ ಮಲಗಿತ್ತು, ಅಂದರೆ ಒಳಗೆ ಪೌಡರ್ ಇದ್ದರೂ ಅದನ್ನು ಹೊರಗೆ ತಳ್ಳುವ ಒತ್ತಡ ಇಲ್ಲ. ಸರಿಯಾಗಿದ್ದ ಸಿಲಿಂಡರೇ ಕೆಲವು ಸೆಕೆಂಡು ಮಾತ್ರ ಬರುವುದು. ಇದು ಬಾಗಿಲಿಗೆ ಕಲ್ಲಿನ ಬದಲು ಇಡಲು ಆಗಬಹುದು.

ಬಾಗಿಲು ಸಿಕ್ಕಿತು. ಬೀಗ ಹಾಕಿತ್ತು. ಬಾಗಿಲಿನ ಮೇಲ್ಭಾಗದ ಗಾಜಿನಿಂದ ಇಣುಕಿದೆ. ಆಚೆ ಮೆಟ್ಟಿಲ ಮೇಲೆ ಖಾಲಿ ಬಾಟಲಿಯ ಕ್ರೇಟುಗಳು, ಮುರಿದ ಕುರ್ಚಿ, ಅದರ ಮೇಲೆ ಬಿಳಿಯದೊಂದು ದೊಡ್ಡ ರಾಶಿ. ತಮ್ಮ ಮೊಬೈಲ್ ಟಾರ್ಚ್ ಬಿಟ್ಟ. ಥರ್ಮೊಕೋಲಿನ ಕಮಾನು. ತುದಿಯಲ್ಲಿ ಬಂಗಾರದ ಬಣ್ಣದ ಎರಡು ದೇವದೂತರು, ಒಬ್ಬನ ಒಂದು ರೆಕ್ಕೆ ಮುರಿದಿತ್ತು. ಆ ರೆಕ್ಕೆ ಅಂಟಿಸಿದ್ದು ನಾನೇ.

ಡಿಸೆಂಬರ್ 22ಕ್ಕೆ ಇದೇ ಹಾಲಿನಲ್ಲಿ ಒಂದು ಕಂಪೆನಿಯ ಕ್ರಿಸ್ಮಸ್ ಪಾರ್ಟಿಗೆ ಗೋದಲಿ ಕಟ್ಟಿದ್ದೆ. ಬಿಚ್ಚಿದ ರಾತ್ರಿ ನನ್ನ ಗಾಡಿಯಲ್ಲಿ ಜಾಗ ಇರಲಿಲ್ಲ. ‘ಮೆಟ್ಟಿಲಲ್ಲಿ ಇಡಿ ಅಕ್ಕ, ನಾಡಿದ್ದು ತಕೊಂಡು ಹೋಗಿ’ ಅಂದಿದ್ದರು ಮ್ಯಾನೇಜರ್. ಆ ನಾಡಿದ್ದು ಒಂಬತ್ತು ದಿನವಾದರೂ ಬಂದಿರಲಿಲ್ಲ. ಥರ್ಮೊಕೋಲಿಗೆ ಕಿಡಿ ತಾಗಿದರೆ ಏನಾಗುತ್ತದೆ ಅಂತ ಮೇಲೆ ಸ್ಯಾಟಿನ್ ಬಗ್ಗೆ ಬರೆದೆನಲ್ಲ, ಅದರ ನಾಲ್ಕು ಪಟ್ಟು ಕಲ್ಪಿಸಿಕೊಳ್ಳಿ. ಇನ್ನೊಬ್ಬರ ಮಾಡು ನೋಡಿ ಮೂಗು ಮುರಿದವಳು ನಾನು. ದಾರಿಗೆ ಅಡ್ಡ ಹಾಕಿ ಹೋದವಳೂ ನಾನೇ.

ಪಾತ್ರೆ ತೊಳೆಯುವ ಹುಡುಗ ಒಬ್ಬ ಹಿಂದೆ ಬಂದು ನಿಂತಿದ್ದ. ಕೊಪ್ಪಳದ ಕಡೆಯವನು. ಹದಿನೆಂಟು, ಹತ್ತೊಂಬತ್ತು ಇರಬಹುದು. ಕೇಳಿದೆ, ‘ಈಗ ಇಲ್ಲಿ ಬೆಂಕಿ ಬಿದ್ದರೆ ನೀನು ಎಲ್ಲಿಂದ ಹೋಗ್ತೀಯಾ?’

‘ಲಿಫ್ಟ್ ಐತಲ್ರೀ ಅಕ್ಕಾರ.’

‘ಕರೆಂಟ್ ಹೋದರೆ?’

ಅವನು ಬಾಗಿಲು ನೋಡಿದ, ಬೀಗ ನೋಡಿದ, ನನ್ನ ಮುಖ ನೋಡಿದ. ‘ಕೀಲಿಕೈ ಮ್ಯಾನೇಜರ್ ಕಡೆ ಇರ್ತದ್ರೀ.’

‘ರಾತ್ರಿ ಎಲ್ಲಿ ಮಲಗ್ತೀರಿ?’

ಸ್ಟೋರ್ ರೂಮ್ ತೋರಿಸಿದ. ನಾಲ್ಕು ಜನ ಅಲ್ಲೇ ಮಲಗುತ್ತಾರಂತೆ. ಕೆಲಸ ಮುಗಿದ ಮೇಲೆ ಲಿಫ್ಟ್ ಬಂದ್ ಮಾಡಿ, ಮುಂದಿನ ಮೆಟ್ಟಿಲಿನ ಶಟರ್ ಕೆಳಗಿನಿಂದ ಹಾಕಿ ಹೋಗುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನಗೆ ಆ ರಾತ್ರಿ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. 2025ರ ಡಿಸೆಂಬರ್ 6ರ ನಡುರಾತ್ರಿ ಗೋವಾದ ಅರ್ಪೋರಾದಲ್ಲಿ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತರು. ನಮ್ಮ ಡೆಕೋರೇಟರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಅದೇ ಮಾತು. ಒಳಗೇ ಪಟಾಕಿಯ ಕಿಡಿ ಹಾರಿಸಿದ್ದು, ತೆಂಗಿನ ಗರಿ ಥರದ ಅಲಂಕಾರ, ಇಕ್ಕಟ್ಟು ಬಾಗಿಲು, ಫೈರ್ ಇಂಜಿನ್ ಹತ್ತಿರ ಹೋಗಲಾಗದ ಓಣಿ. ಎಲ್ಲರೂ ಕುಣಿಯುತ್ತಿದ್ದವರ ಬಗ್ಗೆ ಮಾತಾಡಿದರು. ಆದರೆ ಸತ್ತವರಲ್ಲಿ ಪ್ರವಾಸಿಗಳು ಐದೇ ಜನ. ಉಳಿದ 20 ಮಂದಿ ಅಲ್ಲಿ ಕೆಲಸಕ್ಕಿದ್ದವರು. ಹೊಟ್ಟೆಪಾಡಿಗೆ ಜಾರ್ಖಂಡ್, ಅಸ್ಸಾಂ, ಉತ್ತರಾಖಂಡ, ನೇಪಾಳದಿಂದ ಬಂದವರು. ಕೆಳಗಿನ ಅಡುಗೆಮನೆಯಲ್ಲಿ ಸಿಕ್ಕಿಬಿದ್ದು ಹೊಗೆಗೆ ಹೋದವರೇ ಜಾಸ್ತಿ. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ 2018ರ ಜನವರಿ 8ರ ಬೆಳಗಿನ ಜಾವ ಒಂದು ಬಾರಿಗೆ ಬೆಂಕಿ ಬಿದ್ದಾಗ ಗಿರಾಕಿ ಒಬ್ಬರೂ ಇರಲಿಲ್ಲ. ಒಳಗೆ ಮಲಗಿದ್ದ ಐದು ಕೆಲಸಗಾರರು ಸತ್ತರು.

ಆ ಸುದ್ದಿ ಓದಿದ ಮೇಲೆ ನನ್ನ ಲೆಕ್ಕ ಬದಲಾಗಿದೆ. ಒಂದು ಜಾಗ ಹೇಗಿದೆ ಅಂತ ತಿಳಿಯಬೇಕಾದರೆ ಗೋಡೆಗೆ ನೇತು ಹಾಕಿದ ಸರ್ಟಿಫಿಕೇಟ್ ನೋಡುವುದಿಲ್ಲ. ಪಾತ್ರೆ ತೊಳೆಯುವವನನ್ನು ಕೇಳುತ್ತೇನೆ, ನೀನು ಎಲ್ಲಿಂದ ಓಡ್ತೀಯಾ ಅಂತ. ಅವನಿಗೆ ಉತ್ತರ ಗೊತ್ತಿದ್ದರೆ ನನಗೂ ದಾರಿ ಇದೆ. ಅವನು ಬೀಗ ನೋಡಿದರೆ ನನ್ನದೂ ಅದೇ ಗತಿ.

ಮ್ಯಾನೇಜರನ್ನು ಹುಡುಕಿದೆ. ಒಳ್ಳೆಯ ಮನುಷ್ಯ, ಪೇಮೆಂಟ್ ಯಾವತ್ತೂ ತಡ ಮಾಡಿದವರಲ್ಲ. ಆ ರಾತ್ರಿ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ.

‘ಅಣ್ಣ, ಹಿಂದಿನ ಬಾಗಿಲಿಗೆ ಯಾಕೆ ಬೀಗ?’

‘ಅಕ್ಕ, ನಿಮಗೆ ಗೊತ್ತಿಲ್ವಾ, ಹುಡುಗರು ಬಿಲ್ ಕೊಡದೆ ಹಿಂದಿನಿಂದ ಇಳಿದು ಹೋಗ್ತಾರೆ. ಹೋದ ವರ್ಷ ಎರಡು ಟೇಬಲ್ ಹಾಗೇ ಹೋಯ್ತು.’

‘ಎಷ್ಟು ಬಿಲ್ ಆಗಿತ್ತು ಅದು?’

‘ಒಟ್ಟು ಹನ್ನೊಂದು ಸಾವಿರ ಚಿಲ್ಲರೆ.’

‘ಈಗ ಒಳಗೆ ಎಷ್ಟು ಜನ ಇದ್ದಾರೆ?’

ಅವರು ಮಾತಾಡಲಿಲ್ಲ. ಮತ್ತೆ, ‘ಮೆಟ್ಟಿಲಲ್ಲಿ ಇರುವ ಥರ್ಮೊಕೋಲ್ ನಿಮ್ಮದೇ ಅಲ್ವಾ ಅಕ್ಕ’ ಅಂದರು. ನಗುತ್ತಲೇ ಹೇಳಿದರು. ಕೆನ್ನೆಗೆ ಹೊಡೆದ ಹಾಗಾಯಿತು. ‘ಹೌದು, ಈಗಲೇ ತೆಗೀತೇನೆ, ಬೀಗ ತೆಗೆಸಿ’ ಅಂದೆ. ಕೀಲಿಕೈ ಹುಡುಕಲು ಹನ್ನೆರಡು ನಿಮಿಷ ಹಿಡಿಯಿತು. ಮ್ಯಾನೇಜರ್ ಹತ್ತಿರ ಇರಲಿಲ್ಲ, ಕ್ಯಾಷಿಯರ್ ಹತ್ತಿರ ಇರಲಿಲ್ಲ, ಕೊನೆಗೆ ಕೆಳಗಿನ ವಾಚ್‌ಮನ್ ಹತ್ತಿರ ಸಿಕ್ಕಿತು. ಆ ಹನ್ನೆರಡು ನಿಮಿಷವನ್ನು ನಾನು ಗಡಿಯಾರ ನೋಡಿಕೊಂಡು ಎಣಿಸಿದೆ.

ಆಮೇಲೆ ಹೊಸ ವರ್ಷದ ರಾತ್ರಿ, ಹನ್ನೊಂದು ಗಂಟೆಗೆ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು, ತಮ್ಮ, ಆ ಕೊಪ್ಪಳದ ಹುಡುಗ, ಇನ್ನೊಬ್ಬ ಹುಡುಗ ನಾಲ್ಕು ಜನ ಎಂಬತ್ತಾರು ಮೆಟ್ಟಿಲು ಇಳಿದು ಹತ್ತಿ ಗೋದಲಿ ಹೊತ್ತೆವು. ಕ್ರೇಟುಗಳನ್ನೂ ಕೆಳಗೆ ಇಳಿಸಿದೆವು. ಎರಡನೇ ಮಾಳಿಗೆಯ ತಿರುವಿನಲ್ಲಿ ತಮ್ಮ ಟಾರ್ಚ್ ಬಾಯಲ್ಲಿ ಹಿಡಿದುಕೊಂಡಿದ್ದ. ಮುರಿದ ರೆಕ್ಕೆ ಅಲ್ಲೇ ಎಲ್ಲೋ ಬಿತ್ತು. ಹುಡುಗ ಕೇಳಿದ, ‘ಇಷ್ಟ್ ಹಗುರ ಐತಲ್ರೀ ಅಕ್ಕಾರ, ಇದ್ಕ ಇಷ್ಟ್ಯಾಕ ಅವಸ್ರ?’ ಹಗುರ ಅಂತಲೇ ಅವಸರ ಅಂದೆ. ಅವನಿಗೆ ಅರ್ಥ ಆಯಿತೋ ಇಲ್ಲವೋ.

ಅಪ್ಪನ ನೆನಪಾಯಿತು. ಬೆಂಗಳೂರಿನಲ್ಲಿ 1981ರ ಫೆಬ್ರವರಿಯಲ್ಲಿ ಸರ್ಕಸ್ ಟೆಂಟಿಗೆ ಬೆಂಕಿ ಬಿದ್ದು 92 ಜನ ಸತ್ತಾಗ, ಅದರಲ್ಲೂ ಹೆಚ್ಚಿನವರು ಮಕ್ಕಳು, ಅಪ್ಪ ಹೊಸದಾಗಿ ಎರಡು ಶಾಮಿಯಾನ ಕೊಂಡಿದ್ದರಂತೆ. ಆ ಸುದ್ದಿ ಬಂದ ಮೇಲೆ ಅವರು ಎಲ್ಲಿ ಚಪ್ಪರ ಹಾಕಿದರೂ ಮೂಲೆಯ ಎರಡು ಕಂಬಕ್ಕೆ ಒಂದೊಂದು ಕತ್ತಿ ಕಟ್ಟಿಡುತ್ತಿದ್ದರು. ಪಕ್ಕದ ಪರದೆಯ ಹಗ್ಗ ಕಡಿದು ಬಿಸಾಡಲು. ‘ಬಟ್ಟೆ ಉಳಿಸ್ಲಿಕ್ಕೆ ಹೋಗ್ಬೇಡ, ಮೊದಲು ಹಗ್ಗ ಕಡಿ’ ಅಂತ ಕೆಲಸದವರಿಗೆ ಪ್ರತಿಸಲ ಹೇಳುತ್ತಿದ್ದರು. ನಮಗೆ ನಗು. ಮದುವೆ ಮನೆಯವರು ‘ಕತ್ತಿ ಯಾಕೆ ಮಾರಾಯ್ರೆ, ಅಪಶಕುನ’ ಅಂತ ತೆಗೆಸಿದ್ದೂ ಉಂಟು. ಅಪ್ಪ ತೆಗೆದು, ಅವರು ಆಚೆ ಹೋದ ಮೇಲೆ ಮತ್ತೆ ಕಟ್ಟುತ್ತಿದ್ದರು. ಈಗ ನನ್ನ ಗಾಡಿಯಲ್ಲಿ ಗ್ಲೂ ಗನ್ ಮೂರು ಇವೆ. ಕತ್ತಿ ಇಲ್ಲ.

ಹನ್ನೆರಡು ಹೊಡೆಯುವ ಮೊದಲೇ ನಾವು ಹೊರಟೆವು. ಮಗಳು ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಅವಳ ಫ್ರೆಂಡ್ಸ್ ಎಲ್ಲ ಕೌಂಟ್‌ಡೌನ್ ವಿಡಿಯೊ ಹಾಕುವಾಗ ಇವಳು ಉಡುಪಿಯ ಅಂಬಾಗಿಲು ಅನ್ನುವ ಕಡೆ, ಕಾರಿನಲ್ಲಿ, ರೆಕ್ಕೆ ಮುರಿದ ದೇವದೂತನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ಅವಳೇ ಬಂದು ಮೊಬೈಲ್ ತೋರಿಸಿದಳು. ಸ್ವಿಟ್ಜರ್‌ಲ್ಯಾಂಡಿನ ಕ್ರಾನ್ಸ್-ಮೊಂಟಾನಾ ಅನ್ನುವ ಊರು. ಅದೇ ರಾತ್ರಿ, ಅಲ್ಲಿಯ ಲೆಕ್ಕದಲ್ಲಿ ಒಂದೂವರೆ ಗಂಟೆಗೆ, ನೆಲಮಾಳಿಗೆಯ ಬಾರ್. ಬಾಟಲಿಗೆ ಸಿಕ್ಕಿಸಿದ ಕಿಡಿ, ಮೇಲೆ ಸದ್ದು ತಡೆಯುವ ಸ್ಪಂಜು, ಹೊರಗೆ ಹೋಗಲು ಇಕ್ಕಟ್ಟು ಮೆಟ್ಟಿಲು. 40ಕ್ಕೂ ಹೆಚ್ಚು ಜನ ಹೋದರು, ಹೆಚ್ಚಿನವರು ಇವಳದೇ ಪ್ರಾಯದವರು. ಅಷ್ಟು ಶ್ರೀಮಂತ ದೇಶ. ಮಗಳು ಏನೂ ಹೇಳಲಿಲ್ಲ, ಮೊಬೈಲ್ ನನ್ನ ಕೈಯಲ್ಲಿ ಬಿಟ್ಟು ಹೋದಳು.

ಇದನ್ನೆಲ್ಲ ಜನವರಿಯಲ್ಲೇ ಬರೆಯಬೇಕಿತ್ತು. ಆದರೆ ಶೀರೂರು ಮಠದ ಪರ್ಯಾಯ (ಕೃಷ್ಣಮಠದ ಪೂಜೆಯ ಅಧಿಕಾರ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ದಾಟುವ ಹಬ್ಬ) ಬಂತು, ಜನವರಿ 18ರವರೆಗೆ ಉಡುಪಿಯಲ್ಲಿ ಬಟ್ಟೆ ಕಟ್ಟುವವರಿಗೆ ನಿದ್ದೆ ಉಂಟಾ? ಆಮೇಲೆ ಒಂದು ಕಡೆ ಮದುವೆ, ಇನ್ನೊಂದು ಕಡೆ ಭೂತಕೋಲ. ಒಳ್ಳೆಯದೇ ಆಯಿತು. ಇನ್ನೊಮ್ಮೆ ಹೋಗಿ ನೋಡಿ ಬರೆಯಲು ಸಮಯ ಸಿಕ್ಕಿತು.

ಫೆಬ್ರವರಿಯಲ್ಲಿ ಹೋದೆ, ಮಧ್ಯಾಹ್ನದ ಊಟಕ್ಕೆ. ಟೇಬಲ್ ಎಣಿಸಿದೆ, ಹದಿನೈದು. ಎಕ್ಸಿಟ್ ಬೋರ್ಡಿನ ಮುಂದೆ ನಕ್ಷತ್ರ ಇಲ್ಲ. ಹಬ್ಬ ಮುಗಿದದ್ದಕ್ಕೋ ನಾನು ಹೇಳಿದ್ದಕ್ಕೋ, ಮುಂದಿನ ಡಿಸೆಂಬರಿನಲ್ಲಿ ಗೊತ್ತಾಗುತ್ತದೆ. ಹೊಸ ಕೆಂಪು ಸಿಲಿಂಡರ್ ಎರಡು ಬಂದಿವೆ, ಕೈಗೆ ಸಿಗುವ ಎತ್ತರದಲ್ಲಿ, ಮುಳ್ಳು ಹಸಿರಿನಲ್ಲಿ. ಗ್ಯಾಸ್ ಸಿಲಿಂಡರುಗಳು ಅಲ್ಲೇ ಇವೆ. ಸ್ಪಂಜೂ ಅಲ್ಲೇ ಇದೆ. ಅದನ್ನು ಕಿತ್ತರೆ ಕೆಳಗಿನ ಆಫೀಸಿನವರು ಜಗಳಕ್ಕೆ ಬರುತ್ತಾರೆ, ಹೊಸದು ಹಾಕಲು ಖರ್ಚು ಜಾಸ್ತಿ ಅಂದರು ಮ್ಯಾನೇಜರ್. ಬಾಟಲಿಗೆ ಕಿಡಿ ಹಚ್ಚುವುದನ್ನು ಒಳಗೆ ನಿಲ್ಲಿಸಿ, ಬಯಲಿನಲ್ಲಿ ಮಾತ್ರ ಕೊಡುತ್ತಾರಂತೆ. ನಾನಿದ್ದ ಹೊತ್ತಿಗೆ ಯಾರೂ ಕೇಳಲಿಲ್ಲ, ಹಾಗಾಗಿ ಇದಕ್ಕೆ ಮಾರ್ಕು ಇಲ್ಲ.

ಒಂದು ಒಪ್ಪಂದ ಆಯಿತು. ಇನ್ನು ಮುಂದೆ ಆ ಹಾಲಿನಲ್ಲಿ ನಾನು ಕಟ್ಟುವುದಾದರೆ ಬೆಂಕಿ ಬೇಗ ಹಿಡಿಯದ ಬಟ್ಟೆಯೇ. ಜಾಸ್ತಿಯಾದ ದುಡ್ಡಿನಲ್ಲಿ ಅರ್ಧ ಅವರು, ಅರ್ಧ ನಾನು. ಬಿಚ್ಚಿದ ಸಾಮಾನು ಅದೇ ರಾತ್ರಿ ಕೆಳಗೆ. ಮನೆಯಲ್ಲಿ ಇವರು ‘ಲಾಭ ಎಲ್ಲಿಂದ’ ಅಂದರು. ನೋಡುವ.

ಅಡುಗೆಮನೆ ದಾಟಿ ಹಿಂದೆ ಹೋದೆ. ಬೀಗ ಇಲ್ಲ. ಒಳಗಿನಿಂದ ಎಳೆಯುವ ಚಿಲಕ ಹಾಕಿದ್ದಾರೆ, ತೆಗೆದರೆ ಗಂಟೆ ಬಾರಿಸುವ ಹಾಗೆ ಒಂದು ಸಣ್ಣ ಅಲಾರಂ. ಬಿಲ್ ಕೊಡದೆ ಓಡುವವರಿಗೆ ಅದು ಸಾಕು. ಬಾಗಿಲು ಮಾತ್ರ ಇನ್ನೂ ಒಳಗಡೆಗೇ ತೆರೆಯುತ್ತದೆ. ಇಷ್ಟು ಜನ ಸೇರುವ ಜಾಗದಲ್ಲಿ ಅದು ಹೊರಗಡೆಗೆ ತೆರೆಯಬೇಕು. ಹಿಂದಿನಿಂದ ಜನ ತಳ್ಳಿದರೆ ಮುಂದಿದ್ದವನಿಗೆ ಬಾಗಿಲು ಎಳೆಯಲು ಆಗುವುದಿಲ್ಲ. ಬಡಗಿಗೆ ಹೇಳಿದ್ದೇವೆ ಅಂದರು. ನಮ್ಮೂರಿನ ಬಡಗಿಗಳ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ರಾತ್ರಿ ಶಟರಿನ ಒಂದು ಕೀಲಿಕೈ ಮೇಲೆ ಹುಡುಗರ ಹತ್ತಿರವೇ ಬಿಡುತ್ತಾರೆ, ಸ್ಟೋರ್ ರೂಮಿನ ಗೋಡೆಯ ಮೊಳೆಗೆ ನೇತು ಹಾಕಿದ್ದನ್ನು ನೋಡಿದೆ.

ಕೊಪ್ಪಳದ ಹುಡುಗ ತೊಳೆಯುವ ಜಾಗದಲ್ಲೇ ಇದ್ದ. ಕೇಳದೆಯೇ ಬಾಗಿಲು ತೆಗೆದು ತೋರಿಸಿದ. ಅಲಾರಂ ಕೂಗಿತು, ಒಳಗಿಂದ ಯಾರೋ ಬೈದರು. ‘ಐವತ್ತು ಸೆಕೆಂಡ್ ರೀ ಅಕ್ಕಾರ, ಇಳದು ನೋಡೇನಿ’ ಅಂದ. ಎರಡನೇ ಮಾಳಿಗೆಯ ಬಲ್ಬು ಉರಿಯುತ್ತಿತ್ತು.

ಈಗ ಮಾರ್ಕು. ಘೀ ರೋಸ್ಟಿಗೆ ಐದಕ್ಕೆ ಐದು. ಮೆಟ್ಟಿಲಿಗೆ ಡಿಸೆಂಬರಿನಲ್ಲಿ ಸೊನ್ನೆ, ಫೆಬ್ರವರಿಯಲ್ಲಿ ಮೂರು. ಮಾಡಿಗೆ ಒಂದು. ಸ್ಪಂಜು ಹೋಗುವ ತನಕ ಮಗಳ ಹುಟ್ಟುಹಬ್ಬಕ್ಕೆ ಒಳಗಿನ ಹಾಲ್ ನಾನು ಬುಕ್ ಮಾಡುವುದಿಲ್ಲ. ನೀವು ಹೋಗುವುದಾದರೆ ಬಯಲಿನ ಟೇಬಲ್ ಕೇಳಿ. ಅದರಲ್ಲೂ ಅಡುಗೆಮನೆ ಪಕ್ಕದ್ದು, ಯಾರೂ ಕೇಳುವುದಿಲ್ಲ, ಬೇಗ ಸಿಗುತ್ತದೆ. ಪಾತ್ರೆ ಸದ್ದು ಸ್ವಲ್ಪ ಜಾಸ್ತಿ. ಆದರೆ ಹಿಂದಿನ ಬಾಗಿಲು ಕಣ್ಣೆದುರೇ ಇರುತ್ತದೆ, ಘೀ ರೋಸ್ಟೂ ಒಲೆಯಿಂದ ಸೀದಾ ಬರುತ್ತದೆ.